ಗುದ್ದಲಿ ಹಿಡಿದ ಮಾರ್ಷಲ್

ಕಂಪನಿ ಆಫ್ ಹೀರೋಸ್ ಆಡಿದವರಿಗೆ ಈ ದೃಶ್ಯ ಹೊಸದಲ್ಲ. ಮ್ಯಾಚ್ ಶುರುವಾಗಿ ಎರಡು ನಿಮಿಷ ಕೂಡ ಆಗಿರೋದಿಲ್ಲ, ಮ್ಯಾಪಿನ ನಡುಮಧ್ಯ ಇರೋ ಬಾವುಟದ ಕಡೆಗೆ ಎಲ್ಲರೂ ಓಟ ಕೀಳ್ತಾರೆ. ಎದುರಿಗೆ ಒಂದು ಮೆಷಿನ್ ಗನ್ ಕೂತಿರುತ್ತೆ. ಓಡಿದ ತುಕಡಿ ನೆಲಕ್ಕೆ ಬಿದ್ದು ತೆವಳೋಕೆ ಶುರು ಮಾಡುತ್ತೆ. ಅದನ್ನ ಉಳಿಸೋಕೆ ಅಂತ ಇನ್ನೊಂದು ತುಕಡಿ ಕಳಿಸ್ತೀವಿ, ಅದೂ ಹೋಗುತ್ತೆ. ಆಮೇಲೆ ಟೀಮ್‌ಮೇಟ್‌ಗೆ ಬೈಯೋದು. ಹಾಸ್ಟೆಲ್‌ನಲ್ಲಿ ರಾತ್ರಿ ಒಂದು ಗಂಟೆಗೆ ಕೇಳೋ ಕೂಗಾಟದಲ್ಲಿ ಅರ್ಧ ಇದೇ.

ಅದೇ ಆಟದಲ್ಲಿ ಅಮೆರಿಕನ್ನರ ಕಡೆ ತಗೊಂಡರೆ ಶುರುವಿನಲ್ಲಿ ನಮ್ಮ ಕೈಗೆ ಸಿಗೋದು ಒಂದು ಇಂಜಿನಿಯರ್ ತುಕಡಿ. ರೈಫಲ್‌ನವರು ಬರೋವರೆಗೆ ಹೇಗೋ ಇರಲಿ ಅಂತ ಅವರನ್ನ ಯಾವುದೋ ಮೂಲೆಗೆ ಅಟ್ಟಿಬಿಡ್ತೀವಿ. ಈ ಸಲ ನಾನು ಬರೀತಿರೋದು ಅಂಥ ಒಬ್ಬ ಇಂಜಿನಿಯರ್ ಬಗ್ಗೆ. ಕಂಟ್ರೋಲ್ ಪಾಯಿಂಟ್ ಹಿಡಿಯೋದು ಅವನಿಗೆ ಆಟ ಆಗಿರಲಿಲ್ಲ, ಐವತ್ತು ವರ್ಷದ ಕಸುಬಾಗಿತ್ತು. ಆ ಕಾಲದಲ್ಲಿ ಪಾಯಿಂಟ್ ಅಂದ್ರೆ ಕೋಟೆ. ಸುಮಾರು 50 ಮುತ್ತಿಗೆಗಳಲ್ಲಿ ಅವನಿದ್ದ, 160ರಷ್ಟು ಕೋಟೆಗಳನ್ನ ಕಟ್ಟಿದ ಅಥವಾ ತಿದ್ದಿದ. ಹೆಸರು ಸೆಬಾಸ್ಟಿಯನ್ ಲ ಪ್ರೆತ್ರ್ ದ ವೋಬಾನ್. ಸಿವಿಲ್ ಬ್ರಾಂಚಿನವರು ಈ ಹೆಸರನ್ನ ಎಲ್ಲೋ ಕೇಳಿರಬಹುದು. ಉಳಿದವರು ಕೇಳಿರೋದು ಕಷ್ಟ.

ವೋಬಾನ್ ಹುಟ್ಟಿದ್ದು 1633ರಲ್ಲಿ, ಫ್ರಾನ್ಸಿನ ಬರ್ಗಂಡಿ ಸೀಮೆಯ ಮೋರ್ವಾನ್ ಎಂಬ ಕಾಡುಗುಡ್ಡದ ಪ್ರದೇಶದ ಒಂದು ಸಣ್ಣ ಹಳ್ಳಿಯಲ್ಲಿ. ಹೆಸರಿಗೆ ಸರದಾರರ ಮನೆತನ, ಕೈಯಲ್ಲಿ ಕಾಸಿಲ್ಲ. ಪಕ್ಕದ ಊರಿನ ಪಾದ್ರಿಗಳ ಶಾಲೆಯಲ್ಲಿ ಸ್ವಲ್ಪ ಗಣಿತ, ಸ್ವಲ್ಪ ಡ್ರಾಯಿಂಗ್ ಕಲಿತ. ಅಷ್ಟೇ ಬಂಡವಾಳ. 1651ರಲ್ಲಿ, ಹದಿನೆಂಟನೇ ವಯಸ್ಸಿಗೆ ಸೈನ್ಯ ಸೇರಿದ. ಸೇರಿದ್ದಾದರೂ ಯಾರ ಸೈನ್ಯ? ಆಗಿನ್ನೂ ಹುಡುಗನಾಗಿದ್ದ 14ನೇ ಲೂಯಿಯ ಆಡಳಿತದ ವಿರುದ್ಧ ದಂಗೆ ಎದ್ದಿದ್ದ ಕಾಂಡೆ ರಾಜಕುಮಾರನ ಸೈನ್ಯ. ಅಂದ್ರೆ ನಮ್ಮ ಹೀರೋ ಶುರು ಮಾಡಿದ್ದೇ ಎದುರು ಟೀಮಿನಿಂದ.

ಮುಂದಿನ ವರ್ಷ ಸಾಂತ್ ಮನೂ ಅನ್ನೋ ಊರಿನ ಮುತ್ತಿಗೆಯಲ್ಲಿ ಗುಂಡಿನ ಸುರಿಮಳೆಯ ನಡುವೆ ನದಿ ಈಜಿ ಹೆಸರು ಮಾಡಿದ. 1653ರಲ್ಲಿ ರಾಜನ ಕಡೆಯವರ ಕೈಗೆ ಸಿಕ್ಕಿಬಿದ್ದ. ಮಂತ್ರಿ ಮಜಾರಿನ್ ಈ ಹುಡುಗನನ್ನ ಕರೆಸಿ ಮಾತಾಡಿ ತನ್ನ ಕಡೆಗೆ ಎಳೆದುಕೊಂಡ. ಅದೇ ವರ್ಷ ಅದೇ ಸಾಂತ್ ಮನೂಗೆ ಮತ್ತೆ ಮುತ್ತಿಗೆ ಬಿತ್ತು, ಈ ಸಲ ವೋಬಾನ್ ಇದ್ದದ್ದು ರಾಜನ ಕಡೆಯಲ್ಲಿ. 1655ರ ಮೇ ತಿಂಗಳಲ್ಲಿ, 22ನೇ ವಯಸ್ಸಿಗೆ, ರಾಜನ ಇಂಜಿನಿಯರ್ ಅಂತ ನೇಮಕ ಪತ್ರ ಕೈಗೆ ಬಂತು. ನಮಗೆ ಪ್ಲೇಸ್‌ಮೆಂಟ್ ಆಗೋ ವಯಸ್ಸು.

ಆದ್ರೆ ಆ ಕೆಲಸದ ಸ್ವರೂಪ ತಿಳ್ಕೊಂಡ್ರೆ ಯಾರೂ ಆಫರ್ ಲೆಟರ್‌ಗೆ ಸಹಿ ಹಾಕೋದಿಲ್ಲ. ಮುತ್ತಿಗೆಯಲ್ಲಿ ಮೊದಲು ಸಾಯೋರು ಇಂಜಿನಿಯರ್‌ಗಳೇ. ಎಲ್ಲಿ ತೋಡಬೇಕು, ಎಲ್ಲಿ ಫಿರಂಗಿ ಇಡಬೇಕು ಅಂತ ಗುರುತು ಹಾಕೋಕೆ ಅವರೇ ಗೋಡೆಯ ಹತ್ತಿರ ಹೋಗಬೇಕು. ವೋಬಾನ್ ಹಲವು ಸಲ ಗಾಯಗೊಂಡ. 1667ರಲ್ಲಿ ಡುವೇ ಮುತ್ತಿಗೆಯಲ್ಲಿ ಕೆನ್ನೆಗೆ ಬಿದ್ದ ಗುಂಡಿನ ಕಲೆ ಸಾಯೋವರೆಗೂ ಮುಖದ ಮೇಲಿತ್ತು.

ಇಲ್ಲಿ ಕೋಟೆ ಅಂದ್ರೆ ಏನು ಅಂತ ಸ್ವಲ್ಪ ಹೇಳಬೇಕು. ಎತ್ತರದ ಕಲ್ಲುಗೋಡೆಯ ಹಳೇ ಕೋಟೆಗಳು ಫಿರಂಗಿ ಬಂದಮೇಲೆ ನಿಲ್ಲಲಿಲ್ಲ. ಅದಕ್ಕೆ ಇಟಲಿಯವರು ಬೇರೆ ವಿನ್ಯಾಸ ಕಂಡುಹಿಡಿದರು. ಗೋಡೆ ತಗ್ಗು, ದಪ್ಪ, ಹಿಂದೆ ಮಣ್ಣಿನ ದಿಬ್ಬ. ಮೂಲೆ ಮೂಲೆಗೆ ಬಾಣದ ತುದಿಯ ಹಾಗೆ ಹೊರಚಾಚಿದ ಬುರುಜು. ಮೇಲಿಂದ ನೋಡಿದ್ರೆ ನಕ್ಷತ್ರ. ಒಂದು ಬುರುಜಿನ ಬುಡದಲ್ಲಿ ನೀವು ಅಡಗಿಕೊಂಡ್ರೆ ಪಕ್ಕದ ಬುರುಜಿನ ಫಿರಂಗಿ ನಿಮ್ಮನ್ನ ನೋಡ್ತಿರುತ್ತೆ, ಅಡಗೋ ಜಾಗವೇ ಇಲ್ಲ. ಎರಡು ಮೆಷಿನ್ ಗನ್ ಒಂದನ್ನೊಂದು ಕಾಯೋ ಹಾಗೆ ಇಟ್ಟರೆ ಆ ಪಾಯಿಂಟಿಗೆ ಎದುರಿಂದ ನುಗ್ಗೋಕೆ ಆಗುತ್ತಾ? ಇದೂ ಅದೇ ಲೆಕ್ಕ, ಸುತ್ತಲೂ ಕಂದಕ, ಅದರಾಚೆ ಬೋಳು ಇಳಿಜಾರು ಬೇರೆ. ಅಂಥ ಕಡೆ ನುಗ್ಗು ಅಂತ ಆಜ್ಞೆ ಕೊಡೋ ಸೇನಾಪತಿಗಳು ಇದ್ದರು. ಸಾವಿರಗಟ್ಟಲೆ ಜನ ಸತ್ತರು. ಅದನ್ನ ಶೌರ್ಯ ಅಂತ ಕರೆದರು.

ವೋಬಾನ್‌ಗೆ ಈ ಶೌರ್ಯದ ಮೇಲೆ ಮೊದಲಿಂದಲೂ ಸಿಟ್ಟು. ಅವನ ಉತ್ತರ 1673ರ ಜೂನ್‌ನಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಬಂತು. ಮ್ಯೂಸ್ ನದಿ ದಂಡೆಯ ಈ ಡಚ್ ಕೋಟೆ ಹಿಡಿಯೋಕೆ 14ನೇ ಲೂಯಿ ತಾನೇ ಬಂದು ಬೀಡು ಬಿಟ್ಟಿದ್ದ. ಕೆಲಸ ನಡೆಸೋ ಪೂರ್ತಿ ಅಧಿಕಾರ ವೋಬಾನ್‌ಗೆ ಸಿಕ್ಕಿತ್ತು. ಅವನು ಮಾಡಿದ್ದು ಹೀಗೆ. ಫಿರಂಗಿ ಗುಂಡು ಸರಿಯಾಗಿ ಮುಟ್ಟದಷ್ಟು ದೂರದಲ್ಲಿ, ಗೋಡೆಗೆ ಸಮಾಂತರವಾಗಿ, ರಾತ್ರೋರಾತ್ರಿ ಒಂದು ಉದ್ದನೆಯ ಟ್ರೆಂಚ್ ತೋಡಿಸೋದು. ಸಾಧಾರಣವಾಗಿ ಈ ದೂರ 600 ಮೀಟರ್ ಸುಮಾರು. ಬೆಳಗಾಗೋ ಹೊತ್ತಿಗೆ ಜನ ನೆಲದ ಕೆಳಗೆ. ಅಲ್ಲಿಂದ ಗೋಡೆಯ ಕಡೆಗೆ ಅಂಕುಡೊಂಕಾದ ದಾರಿ ತೋಡ್ತಾ ಹೋಗೋದು. ಅಂಕುಡೊಂಕು ಯಾಕೆ? ನೇರ ತೋಡಿದ್ರೆ ಕೋಟೆಯಿಂದ ಹಾರಿಸಿದ ಒಂದೇ ಗುಂಡು ಟ್ರೆಂಚಿನ ಉದ್ದಕ್ಕೂ ಉರುಳಿ ಸಾಲಾಗಿ ನಿಂತವರನ್ನೆಲ್ಲ ಹೊಡೆದುಹಾಕುತ್ತೆ. ಪ್ರತಿ ತಿರುವನ್ನೂ ಅದರ ಗೆರೆ ಮುಂದಕ್ಕೆ ಎಳೆದರೆ ಕೋಟೆಯ ಆಚೆ ಬದಿಗೆ ಬೀಳೋ ಹಾಗೆ ಅಳೆದು ಹಾಕಬೇಕು. ಸರ್ವೇ ಪ್ರಾಕ್ಟಿಕಲ್‌ನಲ್ಲಿ ಬಿಸಿಲಿಗೆ ನಿಂತು ಗೊಣಗೋವಾಗ ಇದನ್ನ ನೆನೆಸ್ಕೊಳ್ಳಿ, ನಮ್ಮ ಮೇಲೆ ಯಾರೂ ಗುಂಡು ಹಾರಿಸ್ತಿಲ್ಲ.

ಅರ್ಧ ದೂರ ಬಂದಮೇಲೆ ಎರಡನೇ ಸಮಾಂತರ ಟ್ರೆಂಚ್. ಇಳಿಜಾರಿನ ಬುಡಕ್ಕೆ ಬಂದಮೇಲೆ ಮೂರನೆಯದು. ಈ ಸಮಾಂತರ ಟ್ರೆಂಚ್‌ಗಳೇ ವಿಧಾನದ ಜೀವಾಳ. ಹಿಂದೆಲ್ಲ ಕೋಟೆಯೊಳಗಿನವರು ದಿಢೀರ್ ಅಂತ ಬಾಗಿಲು ತೆಗೆದು ಹೊರಬಿದ್ದು, ತೋಡ್ತಿದ್ದ ನಾಲ್ಕು ಜನರನ್ನ ಕೊಂದು, ಮಣ್ಣು ಮುಚ್ಚಿ ಹೋಗಿಬಿಡ್ತಿದ್ದರು. ಈಗ ತೋಡುವವರ ಬೆನ್ನಿಗೆ ಅಗಲವಾದ ಟ್ರೆಂಚಿನಲ್ಲಿ ಒಂದು ಪಡೆಯೇ ಬಂದೂಕು ಹಿಡಿದು ಕೂತಿರುತ್ತೆ. ಮುಂದಿಟ್ಟ ಹೆಜ್ಜೆಯನ್ನ ಹಿಂದಿಡೋ ಪ್ರಮೇಯವೇ ಇಲ್ಲ. ಒಂದು ಪಾಯಿಂಟ್ ಹಿಡಿದು, ಅದನ್ನ ಭದ್ರ ಮಾಡಿ, ಆಮೇಲೆ ಮುಂದಿನದು. ಈ ಟ್ರೆಂಚ್ ಉಪಾಯ ಪೂರ್ತಿ ಅವನ ತಲೆಯಿಂದ ಬಂದದ್ದೂ ಅಲ್ಲ. ಕ್ರೀಟ್ ದ್ವೀಪದ ಕ್ಯಾಂಡಿಯಾ ಕೋಟೆಯನ್ನ 1669ರಲ್ಲಿ ಗೆದ್ದ ತುರ್ಕರು ಇಂಥದ್ದನ್ನ ಬಳಸಿದ್ದರು. ವೋಬಾನ್ ಅದನ್ನ ಲೆಕ್ಕಕ್ಕೆ, ಕ್ರಮಕ್ಕೆ ತಂದ.

ತೋಡೋರು ಹೇಗೆ ಕೆಲಸ ಮಾಡ್ತಿದ್ದರು ಅನ್ನೋದು ನನಗೆ ಬಹಳ ಇಷ್ಟವಾದ ಭಾಗ. ಗೋಡೆ ಹತ್ತಿರ ಬಂದಂತೆ ಕೆಲವೇ ಜನರ ಗುಂಪು ಮಾಡಿ, ಮುಂದೆ ಒಂದು ದೊಡ್ಡ ಬುಟ್ಟಿಯನ್ನ ಗುರಾಣಿ ಹಾಗೆ ಉರುಳಿಸ್ತಾ ಹೋಗ್ತಿದ್ದರು. ಮೊದಲನೆಯವನು ಮಂಡಿಯೂರಿ ಕಿರಿದಾಗಿ ತೋಡ್ತಾನೆ, ಬಂದ ಮಣ್ಣನ್ನ ಪಕ್ಕಕ್ಕಿಟ್ಟ ಬುಟ್ಟಿಗೆ ತುಂಬ್ತಾನೆ. ಆ ಮಣ್ಣು ತುಂಬಿದ ಬುಟ್ಟಿಯೇ ಗೋಡೆ. ಹಿಂದಿನವನು ಸ್ವಲ್ಪ ಅಗಲ, ಅವನ ಹಿಂದಿನವನು ಇನ್ನೂ ಅಗಲ ಮಾಡ್ತಾ ಬರ್ತಾನೆ. ಎಷ್ಟು ಉದ್ದ ತೋಡಿದರೋ ಅಷ್ಟಕ್ಕೆ ಕೂಲಿ. ಗೋಡೆ ಹತ್ತಿರ ಆದಂತೆ ರೇಟ್ ಏರುತ್ತೆ, ಯಾಕಂದ್ರೆ ಸಾವೂ ಹತ್ತಿರ. ಫಿರಂಗಿಗೆ ಎದುರಾಗಿ ವೋಬಾನ್ ಕಳಿಸಿದ ಆಯುಧ ಗುದ್ದಲಿ, ಪಿಕಾಸಿ, ಬುಟ್ಟಿ. ನಮ್ಮೂರ ಕೆರೆ ಹೂಳೆತ್ತೋ ಸಾಮಾನು.

ಟ್ರೆಂಚ್ ಶುರುವಾಗಿ 13 ದಿನಕ್ಕೆ ಮಾಸ್ಟ್ರಿಕ್ಟ್ ಶರಣಾಯಿತು. ಆದರೂ ಆತುರ ಬಿಡಲಿಲ್ಲ. ಹಿಡಿದಿದ್ದ ಒಂದು ಹೊರಗೋಡೆಯನ್ನ ಡಚ್ಚರು ನೆಲಬಾಂಬ್ ಸಿಡಿಸಿ ಮತ್ತೆ ಕಿತ್ತುಕೊಂಡಾಗ, ಅದನ್ನ ಕೂಡಲೇ ವಾಪಸ್ ಪಡೀಬೇಕು ಅಂತ ಒಂದು ದಂಡು ಹಗಲಲ್ಲೇ ಮುನ್ನುಗ್ಗಿತು. ಆ ದಂಡಿನಲ್ಲಿ ರಾಜನ ಮಸ್ಕೆಟೀರ್ ಪಡೆಯ ನಾಯಕ ದಾರ್ತಾನ್ಯಾನ್ ಇದ್ದ. ಹೌದು, ಥ್ರೀ ಮಸ್ಕೆಟೀರ್ಸ್ ಕಾದಂಬರಿಯ ಆ ಪಾತ್ರಕ್ಕೆ ಮೂಲವಾದ ಅಸಲಿ ಮನುಷ್ಯ. 1673ರ ಜೂನ್ 25ರಂದು ಅಲ್ಲೇ ಗುಂಡು ತಗುಲಿ ಸತ್ತ. ಐದೇ ದಿನಕ್ಕೆ ಊರು ಶರಣಾಯಿತು. ಕಾದಂಬರಿ ಓದಿದವರಿಗೆ ದಾರ್ತಾನ್ಯಾನ್ ಗೊತ್ತು, ವೋಬಾನ್ ಗೊತ್ತಿಲ್ಲ. ಕತ್ತಿ ಹಿಡಿದವನ ಮೇಲೆ ಸಿನಿಮಾ ಆಗುತ್ತೆ, ಗುದ್ದಲಿ ಹಿಡಿದವನ ಮೇಲೆ ಆಗಲ್ಲ.

ಅದೇ 1673ರ ಜನವರಿಯಲ್ಲಿ ವೋಬಾನ್ ಯುದ್ಧಮಂತ್ರಿ ಲೂವ್ವಾಗೆ ಒಂದು ಕಾಗದ ಬರೆದಿದ್ದ. ಲೂಯಿಗೆ ಕೋಟೆ ಗೆಲ್ಲೋ ಹುಚ್ಚು. ಗೆದ್ದು ಗೆದ್ದು ಉತ್ತರದ ಗಡಿಯಲ್ಲಿ ಪರಿಸ್ಥಿತಿ ಹೇಗಾಗಿತ್ತು ಅಂದ್ರೆ ನಮ್ಮದೊಂದು ಕೋಟೆ, ಅದರಾಚೆ ಶತ್ರುವಿನದ್ದೊಂದು, ಮತ್ತೆ ನಮ್ಮದು, ಎಲ್ಲ ಕಲಸುಮೇಲೋಗರ. ಪ್ರತಿ ಕೋಟೆಗೂ ಕಾವಲು ಪಡೆ ಬೇಕು, ಅನ್ನ ಬೇಕು, ಮದ್ದುಗುಂಡು ಬೇಕು. ಒಂಟಿಯಾಗಿ ದೂರ ಇರೋ ಕೋಟೆ ಗೆದ್ದರೂ ಲಾಭವಿಲ್ಲ, ಖರ್ಚು ಮಾತ್ರ. ರಾಜ ತನ್ನ ಹೊಲವನ್ನ ಮೊದಲು ಚೌಕ ಮಾಡಿಕೊಳ್ಳಲಿ, ಬೇಡವಾದದ್ದನ್ನ ಬಿಟ್ಟುಕೊಡಲಿ, ಇಲ್ಲವೇ ಕೆಡವಲಿ ಅನ್ನೋದು ಕಾಗದದ ಸಾರಾಂಶ. ಹೊಲದ ಬದು ಸರಿಮಾಡೋ ರೈತನ ಬುದ್ಧಿ ಇದು. ಮುಂದೆ ಡಂಕರ್ಕ್ ಕಡಲ ತೀರದಿಂದ ಮ್ಯೂಸ್ ನದಿವರೆಗೆ ಒಂದಕ್ಕೊಂದು ಆಸರೆಯಾಗೋ ಎರಡು ಸಾಲು ಕೋಟೆ ಈ ಯೋಚನೆಯಿಂದಲೇ ಆದವು. ಕಂಪನಿ ಆಫ್ ಹೀರೋಸ್‌ನಲ್ಲೂ ಇದೇ ನಿಯಮ ಅಲ್ವಾ? ನಮ್ಮ ಹೆಡ್‌ಕ್ವಾರ್ಟರ್‌ಗೆ ತಾಗದೆ ಬೇರೆಯಾಗಿ ಉಳಿದ ಸೆಕ್ಟರ್‌ನಿಂದ ಇಂಧನವೂ ಬರಲ್ಲ, ಮದ್ದುಗುಂಡೂ ಬರಲ್ಲ. ಬಾವುಟ ನಮ್ಮದು, ಪಾಯಿಂಟ್ ನಮ್ಮದಲ್ಲ. ಎದುರಾಳಿ ದೊಡ್ಡ ಪಾಯಿಂಟ್ ಮುಟ್ಟೋದೇ ಇಲ್ಲ, ನಡುವಿನ ಒಂದು ಚಿಕ್ಕ ತುಂಡು ಕಿತ್ತುಕೊಂಡು ಸುಮ್ಮನೆ ಕೂರ್ತಾನೆ. ಇದು ಗೊತ್ತಾಗೋಕೆ ನನಗೆ ಒಂದು ಪೂರ್ತಿ ಸೆಮಿಸ್ಟರ್ ಬೇಕಾಯಿತು.

1677ರ ಎರಡು ಮುತ್ತಿಗೆಗಳನ್ನ ಒಟ್ಟಿಗೆ ಇಟ್ಟು ನೋಡಬೇಕು. ಮಾರ್ಚ್‌ನಲ್ಲಿ ವಾಲೆನ್ಸಿಯೆನ್. ಲಗ್ಗೆ ಹತ್ತೋದು ಅಂದ್ರೆ ರಾತ್ರಿಯೇ, ಅದು ಆಗಿನ ಪದ್ಧತಿ. ವೋಬಾನ್ ಮಾತ್ರ ಹಗಲಲ್ಲೇ ಆಗಲಿ ಅಂತ ಹಠ ಹಿಡಿದ. ಕತ್ತಲಲ್ಲಿ ನಮ್ಮವರ ಗುಂಡಿಗೆ ನಮ್ಮವರೇ ಸಾಯ್ತಾರೆ, ಅಂಜುಬುರುಕ ಕತ್ತಲಲ್ಲಿ ಜಾರಿಕೊಳ್ತಾನೆ, ಧೈರ್ಯವಂತನನ್ನ ಯಾರೂ ನೋಡಲ್ಲ. ಮೇಲಾಗಿ ರಾತ್ರಿಯಿಡೀ ಎಚ್ಚರ ಇದ್ದ ಕಾವಲಿನವರು ಬೆಳಗ್ಗೆ ಸುಸ್ತಾಗಿ ಮಲಗೋ ಹೊತ್ತು ಅದು. ಮಂತ್ರಿ ಲೂವ್ವಾ, ಜೊತೆಗಿದ್ದ ಮಾರ್ಷಲ್‌ಗಳು ಎಲ್ಲರೂ ಬೇಡ ಅಂದರು. ರಾಜ ವೋಬಾನ್ ಮಾತು ಕೇಳಿದ. ಮಾರ್ಚ್ 17ರ ಬೆಳಗ್ಗೆ ಲಗ್ಗೆ ಹತ್ತಿದರು, ಊರು ಸಿಕ್ಕಿತು. (ನಮ್ಮ ಶ್ರೀರಂಗಪಟ್ಟಣ ನೆನಪಾಗುತ್ತೆ. 1799ರಲ್ಲಿ ಬ್ರಿಟಿಷರು ಟ್ರೆಂಚ್ ತೋಡಿ, ಫಿರಂಗಿ ಹೂಡಿ, ಗೋಡೆಯ ವಾಯವ್ಯ ಮೂಲೆ ಒಡೆದು ನದಿ ದಾಟಿ ನುಗ್ಗಿದ್ದು ಮೇ 4ರ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ, ಒಳಗಿನವರು ಬಿಸಿಲಿಗೆ ವಿಶ್ರಾಂತಿಗೆ ಹೋಗೋ ಹೊತ್ತು ನೋಡಿಕೊಂಡು. ಟಿಪ್ಪು ಸತ್ತದ್ದು ಅವತ್ತೇ.)

ಏಪ್ರಿಲ್‌ನಲ್ಲಿ ಕಾಂಬ್ರೇ. ಊರು ಸಿಕ್ಕಿದೆ, ಒಳಕೋಟೆ ಬಾಕಿ. ಅದರ ಮುಂದಿನ ಅರ್ಧಚಂದ್ರದ ಹೊರಗೋಡೆಗೆ ತಕ್ಷಣ ನುಗ್ಗೋಣ ಅಂತ ಫಿರಂಗಿ ಪಡೆಯ ಅಧಿಕಾರಿ ಡ್ಯು ಮೆತ್ಸ್ ಸಲಹೆ ಕೊಟ್ಟ. ಇನ್ನೆರಡು ದಿನ ತೋಡೋಣ, ಆ ಗೋಡೆಗಿಂತ ಬೆಲೆಬಾಳೋ ಜನ ಸಾಯ್ತಾರೆ ಅಂತ ವೋಬಾನ್ ಬೇಡಿಕೊಂಡ. ತಿಂಗಳ ಹಿಂದೆ ಅವನ ಮಾತು ಕೇಳಿ ಗೆದ್ದಿದ್ದ ಅದೇ ರಾಜ ಈ ಸಲ ಕೇಳಲಿಲ್ಲ. ನುಗ್ಗಿದರು, ಹಿಡಿದರು, ಹಿಡಿದದ್ದನ್ನ ಉಳಿಸಿಕೊಳ್ಳೋಕೆ ಆಗದೆ ಹಿಂದಕ್ಕೆ ಬಂದರು. ನೂರಾರು ಜನ ಅಲ್ಲೇ ಬಿದ್ದರು. ಆಮೇಲೆ ವೋಬಾನ್ ತನ್ನ ರೀತಿಯಲ್ಲಿ ತೋಡ್ಕೊಂಡು ಹೋಗಿ ಅದೇ ಗೋಡೆಯನ್ನ ಬೆರಳೆಣಿಕೆಯ ಜನರ ನಷ್ಟದಲ್ಲಿ ಹಿಡಿದ. ರಾಜ ಮುಂದಿನ ಸಲ ನಿನ್ನ ಮಾತು ಕೇಳ್ತೀನಿ ಅಂದನಂತೆ. ಸತ್ತವರಿಗೆ ರೆಸ್ಪಾನ್ ಇರಲಿಲ್ಲ.

1678ರಲ್ಲಿ ಇಡೀ ಫ್ರಾನ್ಸಿನ ಕೋಟೆಗಳ ಮೇಲ್ವಿಚಾರಣೆ ವೋಬಾನ್ ಕೈಗೆ ಬಂತು. ಅಲ್ಲಿಂದ ಬದುಕೆಲ್ಲ ಪ್ರಯಾಣ. ಮುಂದೊಂದು, ಹಿಂದೊಂದು ಹೇಸರಗತ್ತೆ ಕಟ್ಟಿದ ಪಲ್ಲಕ್ಕಿಯಲ್ಲಿ ಕೂತು, ದಾರಿಯಲ್ಲೇ ಕಾಗದ ಪತ್ರ ಬರೀತಾ, ಗಡಿಯಿಂದ ಗಡಿಗೆ. ರಾಜ ಕೊಟ್ಟ ಇನಾಮಿನಿಂದ 1675ರಲ್ಲಿ ತನ್ನ ಸೀಮೆಯ ಬಜೋಶ್‌ನಲ್ಲಿ ದೊಡ್ಡ ಮನೆ ಕೊಂಡಿದ್ದ, ಆದ್ರೆ ಅಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಕಳೆದ ದಿನ ಬಹಳ ಕಮ್ಮಿ. ಮನೆಯ ವ್ಯವಹಾರ ಎಲ್ಲ ಹೆಂಡತಿ ಜೀನ್ ಹೆಗಲ ಮೇಲೆ.

1692ರಲ್ಲಿ ನಾಮೂರ್ ಕೋಟೆ ಮುಂದೆ ಸರಿಸಮನಾದ ಎದುರಾಳಿ ಸಿಕ್ಕ. ಡಚ್ ಇಂಜಿನಿಯರ್ ಕೂಹೋರ್ನ್, ತಾನೇ ಕಟ್ಟಿದ ಹೊಸ ಭಾಗವನ್ನ ತಾನೇ ಕಾಯ್ತಿದ್ದ. ವೋಬಾನ್ ಗೆದ್ದ. ಮೂರು ವರ್ಷದ ಮೇಲೆ ಅದೇ ನಾಮೂರನ್ನ ಕೂಹೋರ್ನ್ ವಾಪಸ್ ಗೆದ್ದುಕೊಂಡ. ಆದ್ರೆ ಅದಕ್ಕಿಂತ ತಮಾಷೆ ಇನ್ನೊಂದಿದೆ. ಆತ್ ಅನ್ನೋ ಊರಿನ ಕೋಟೆ ವೋಬಾನ್ ಕಟ್ಟಿದ್ದೇ, ಒಪ್ಪಂದದಲ್ಲಿ ಅದು ಸ್ಪೇನ್ ಪಾಲಾಗಿತ್ತು. 1697ರಲ್ಲಿ ಅದನ್ನ ಹಿಡಿಯೋ ಕೆಲಸ ಅವನಿಗೇ ಬಂತು. ಒಂಬತ್ತು ವರ್ಷ ಹಿಂದೆ ಫಿಲಿಪ್ಸ್‌ಬುರ್ಗ್‌ನಲ್ಲಿ ಶುರು ಮಾಡಿದ್ದ ಒಂದು ತಂತ್ರವನ್ನ ಇಲ್ಲಿ ಪೂರ್ತಿಯಾಗಿ ಬಳಸಿದ. ಫಿರಂಗಿಗೆ ಮದ್ದು ಕಡಿಮೆ ತುಂಬೋದು. ಗುಂಡು ಗೋಡೆಯನ್ನ ಗುದ್ದೋದಿಲ್ಲ, ಗೋಡೆಯ ಅಂಚನ್ನ ಸವರಿ ಒಳಗೆ ಬಿದ್ದು, ನೀರಿನ ಮೇಲೆ ಎಸೆದ ಕಪ್ಪೆಕಲ್ಲಿನ ಹಾಗೆ ಕುಪ್ಪಳಿಸ್ತಾ ಕೋಟೆಯ ಮೇಲ್ದಾರಿಯ ಉದ್ದಕ್ಕೂ ಹೋಗುತ್ತೆ. ದಾರಿಯಲ್ಲಿ ಸಿಕ್ಕ ಫಿರಂಗಿಗಳೆಲ್ಲ ಗಾಲಿ ಮುರಿದು ಬೀಳ್ತವೆ. ಮದ್ದು ಕಡಿಮೆ ಹಾಕಿ ಅಂದಾಗ ಫಿರಂಗಿಯವರು ನಕ್ಕಿರಲೇಬೇಕು. ಟ್ರೆಂಚ್ ಶುರುವಾದ ಎರಡು ವಾರಕ್ಕೆ ಆತ್ ಬಿತ್ತು, ಸತ್ತವರು ತೀರಾ ಕಡಿಮೆ. 1703ರಲ್ಲಿ ಹೀಗೇ ಮತ್ತೊಮ್ಮೆ, ರೈನ್ ದಂಡೆಯ ಬ್ರೈಸಾಖ್ ಕೋಟೆ. ಅದನ್ನೂ ಬಲಪಡಿಸಿದವನು ಅವನೇ, ಬಿಟ್ಟುಕೊಡಬೇಕಾಗಿ ಬಂದಾಗ ನದಿಯ ಈಚೆ ದಂಡೆಯಲ್ಲಿ ನಫ್ ಬ್ರಿಸಾಕ್ ಅಂತ ಹೊಸ ಊರನ್ನೇ ಕಟ್ಟಿದವನೂ ಅವನೇ, ಹಳೆಯದನ್ನ ಮತ್ತೆ ಗೆದ್ದವನೂ ಅವನೇ. ಅದು ಅವನ ಕೊನೆಯ ಮುತ್ತಿಗೆ. ಆಗ ವಯಸ್ಸು 70. ಅದೇ ವರ್ಷ ಫ್ರಾನ್ಸಿನ ಮಾರ್ಷಲ್ ಪದವಿ ಸಿಕ್ಕಿತ್ತು.

ಸಾಮಾನ್ಯವಾಗಿ ಒಂದು ಬಲವಾದ ಕೋಟೆ ಹಿಡಿಯೋಕೆ 48 ದಿನ ಸಾಕು ಅಂತ ಅವನು ದಿನದಿನದ ಲೆಕ್ಕವನ್ನೇ ಬರೆದಿಟ್ಟಿದ್ದ. ಲೆಕ್ಕ ಹೀಗೆ ಮೊದಲೇ ಗೊತ್ತಿದ್ದ ಮೇಲೆ ಒಳಗಿನವರೂ ಗೋಡೆ ಒಡೆದ ತಕ್ಷಣ ಮರ್ಯಾದೆಯಿಂದ ಶರಣಾಗ್ತಿದ್ದರು. ಊರಿಗೆ ನುಗ್ಗಿ ಕೊಲ್ಲೋದು ತಪ್ಪುತ್ತಿತ್ತು. ಇದರಿಂದ ಬಹಳ ಜೀವ ಉಳಿದವು ಅನ್ನೋದು ನಿಜ. ಉಳಿದ ಆ ಸೈನಿಕರನ್ನ ಲೂಯಿ ಮುಂದಿನ ಯುದ್ಧಕ್ಕೆ ಕಳಿಸಿದ ಅನ್ನೋದೂ ನಿಜ. ವೋಬಾನ್‌ನ ಕೌಶಲ ಇಲ್ಲದಿದ್ದರೆ ಆ ರಾಜನಿಗೆ ಅಷ್ಟು ಯುದ್ಧ ಮಾಡೋ ಹುಮ್ಮಸ್ಸು ಬರ್ತಿತ್ತಾ? ನನಗೆ ಈ ಪ್ರಶ್ನೆ ಬಿಟ್ಟುಹೋಗಿಲ್ಲ. ಅವನಿಗೂ ಕಾಡಿರಬೇಕು, ಯಾಕಂದ್ರೆ ವಯಸ್ಸಾಗ್ತಾ ಅವನ ಕಾಗದಗಳ ವಿಷಯವೇ ಬದಲಾಗುತ್ತೆ.

ಆ ಪಲ್ಲಕ್ಕಿಯಿಂದ ಅವನು ಕೋಟೆಗಳನ್ನಷ್ಟೇ ನೋಡಲಿಲ್ಲ. ಹಳ್ಳಿಗಳಲ್ಲಿ ಹಸಿವು ನೋಡಿದ. ಜನಗಣತಿ ಹೇಗೆ ಮಾಡಬೇಕು ಅಂತ 1686ರಲ್ಲಿ ಒಂದು ವಿಧಾನ ಬರೆದ. ಪ್ರಾಟೆಸ್ಟೆಂಟರಿಗಿದ್ದ ಧರ್ಮಸ್ವಾತಂತ್ರ್ಯವನ್ನ ಲೂಯಿ 1685ರಲ್ಲಿ ಕಿತ್ತುಕೊಂಡಾಗ ಸಾವಿರಾರು ಜನ ದೇಶ ಬಿಟ್ಟರು. ಅವರನ್ನ ವಾಪಸ್ ಕರೆಸಬೇಕು, ಎಷ್ಟು ಕುಶಲಕರ್ಮಿಗಳು, ಎಷ್ಟು ನಾವಿಕರು ಹೋದರು ನೋಡಿ ಅಂತ 1689ರಲ್ಲಿ ಮಂತ್ರಿಗೆ ಬರೆದ. ಅಂಥ ಮಾತು ಆಡೋಕೆ ಆಗ ಎದೆ ಬೇಕಿತ್ತು. ಹಂದಿಯ ಮೇಲೂ ಒಂದು ಬರಹ ಇದೆ! ಒಂದು ಹೆಣ್ಣುಹಂದಿಯಿಂದ ಹತ್ತು ವರ್ಷದಲ್ಲಿ ಎಷ್ಟು ಸಂತಾನ ಆಗಬಹುದು ಅಂತ ಲೆಕ್ಕ ಹಾಕಿ 60 ಲಕ್ಷ ದಾಟಿಸಿದ. ನಗು ಬರುತ್ತೆ, ಆದ್ರೆ ಬಡವನ ತಟ್ಟೆಗೆ ಮಾಂಸ ಹೇಗೆ ಬಂದೀತು ಅನ್ನೋದೇ ಅದರ ಹಿಂದಿದ್ದ ಚಿಂತೆ.

1706ರಲ್ಲಿ ಫ್ರೆಂಚರು ಟ್ಯೂರಿನ್‌ಗೆ ಮುತ್ತಿಗೆ ಹಾಕಿದರು. ಸೇನಾಪತಿ ಲಾ ಫ್ಯೂಯಾದ್, ವಯಸ್ಸಿನಲ್ಲಿ ಮಗನಂಥವನು, ಅತಿ ಗಟ್ಟಿಯಾದ ಒಳಕೋಟೆಗೇ ನೇರವಾಗಿ ಕೈ ಹಾಕಿದ. ಮೊದಲು ಗುಡ್ಡ, ಊರು ಹಿಡಿಯಿರಿ ಅಂದ ವೋಬಾನ್ ಸಲಹೆಗೆ ಬೆಲೆ ಸಿಗಲಿಲ್ಲ. ಮಾರ್ಷಲ್ ದಂಡ ಬಾಗಿಲ ಹಿಂದೆ ಇಟ್ಟು ಸ್ವಯಂಸೇವಕನಾಗಿ ಬರ್ತೀನಿ ಅಂದ, ಅದೂ ಬೇಡ ಅಂದರು. ಸೆಪ್ಟೆಂಬರ್‌ನಲ್ಲಿ ಮುತ್ತಿಗೆ ಮುರಿದುಬಿತ್ತು.

ಅಷ್ಟರಲ್ಲಿ ಅವನ ಮನಸ್ಸೆಲ್ಲ ಒಂದು ಪುಸ್ತಕದಲ್ಲಿತ್ತು. ಸರದಾರರು, ಚರ್ಚಿನವರು ತೆರಿಗೆಯಿಂದ ತಪ್ಪಿಸಿಕೊಂಡು ಇಡೀ ಭಾರ ರೈತನ ಮೇಲೆ ಬೀಳ್ತಿತ್ತು. ಎಲ್ಲರೂ, ರಾಜನ ಸಂಬಂಧಿಕರೂ ಸೇರಿ, ಆದಾಯಕ್ಕೆ ತಕ್ಕ ತೆರಿಗೆ ಕೊಡಲಿ, ಅದು ಎಷ್ಟೇ ಹೆಚ್ಚಾದರೂ ಹತ್ತರಲ್ಲಿ ಒಂದು ಪಾಲು ಮೀರದಿರಲಿ ಅಂತ ಅಂಕಿಅಂಶ ಸಮೇತ ಬರೆದ ಆ ಪುಸ್ತಕದ ಹೆಸರು ದೀಮ್ ರೊಯಾಲ್. ಅನುಮತಿ ಸಿಗದು ಅಂತ ಗೊತ್ತಿದ್ದರಿಂದ ಗುಟ್ಟಾಗಿ ಅಚ್ಚು ಹಾಕಿಸಿ ತನಗೆ ಬೇಕಾದವರಿಗೆ ಹಂಚಿದ. ಇದೊಂದು ಕೋಟೆಗೆ ಅವನು ಟ್ರೆಂಚ್ ತೋಡದೆ ಎದುರಿಂದಲೇ ನಡೆದುಹೋದ ಅನಿಸುತ್ತೆ. 1707ರ ಫೆಬ್ರವರಿ, ಮಾರ್ಚ್‌ನಲ್ಲಿ ಪುಸ್ತಕ ಮುಟ್ಟುಗೋಲಿಗೆ ಆಜ್ಞೆ ಆಯಿತು. ಅವನಿಗೆ ಆಗಲೇ ಎದೆಯ ಕಾಯಿಲೆ. ಮಾರ್ಚ್ 30ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ದೇಹವನ್ನ ಬಜೋಶ್‌ಗೆ ತಂದು ಊರಿನ ಚರ್ಚಿನಲ್ಲಿ ಹೂಳಿದರು. ನೂರೊಂದು ವರ್ಷದ ಮೇಲೆ, 1808ರಲ್ಲಿ, ನೆಪೋಲಿಯನ್ ಆಜ್ಞೆಯಂತೆ ಹೃದಯವನ್ನ ಮಾತ್ರ ಪ್ಯಾರಿಸ್ಸಿನ ಇನ್ವಾಲಿಡ್‌ಗೆ ಒಯ್ದರು, ಅಲ್ಲೇ ಇದೆ. ಹುಟ್ಟಿದ ಹಳ್ಳಿಗೆ ಈಗ ಸಾಂ ಲೇಜೆ ವೋಬಾನ್ ಅಂತಲೇ ಹೆಸರು. ಅವನ ಕೋಟೆಗಳಲ್ಲಿ 12 ಜಾಗಗಳನ್ನ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಫ್ ಬ್ರಿಸಾಕ್ ಅದರಲ್ಲೊಂದು. ಉಪಗ್ರಹ ಚಿತ್ರದಲ್ಲಿ ತೆಗೆದು ನೋಡಿ, ಊರಿನ ಸುತ್ತ ಎಂಟು ಮೂಲೆಯ ನಕ್ಷತ್ರ ಇವತ್ತಿಗೂ ಹಾಗೇ ಕಾಣುತ್ತೆ.